ಗೋಡೆಯ ಮೇಲಿನ ಮಾದೇವಮ್ಮ

ನನಗೆ ಓದಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ನನ್ನನ್ನು ಬಲ್ಲವರಲ್ಲಿ ಅರ್ಧ ಜನಕ್ಕೆ ಈಗ ಇದು ಗೊತ್ತಾಗಿಹೋಗಿದೆ, ಉಳಿದವರಿಗೆ ನನ್ನ ಬಾಯಿಂದಲೇ ಗೊತ್ತಾಗಲಿ. ಬರೆದುಕೊಂಡವಳು ನನ್ನ ತಂಗಿಯ ಮಗಳು ಅಪೂರ್ವ. ನಾನು ಆಡಿದ ಮಾತನ್ನು ತಿದ್ದಿ ತೀಡಿ ಪುಸ್ತಕದ ಭಾಷೆಗೆ ಹಾಕಿದ್ದಾಳೆ. ಬರೆದದ್ದನ್ನು ಅವಳಿಂದ ಒಮ್ಮೆ, ಎದುರುಮನೆಯ ಹುಡುಗಿಯಿಂದ ಇನ್ನೊಮ್ಮೆ ಓದಿಸಿ ಕೇಳಿದ್ದೇನೆ. ನಂಬಿಕೆಯ ವಿಷಯದಲ್ಲಿ ನಾನೀಗ ಮೊದಲಿನ ನಾಗಮಣಿಯಲ್ಲ.

ಅಯ್ಯೋ ಪಾಪ ಎನ್ನಬೇಡಿ. ಅದನ್ನು ಕೇಳಬಾರದೆಂದೇ ಇಷ್ಟು ವರ್ಷ ಒದ್ದಾಡಿದ್ದು. ಚಿಕ್ಕವಳಿದ್ದಾಗ ಶಾಲೆಗೆ ಹೋಗಲಿಲ್ಲವೆಂದಲ್ಲ, ಹೋಗಿದ್ದೆ. ಅಕ್ಷರಗಳು ನನ್ನ ಕಣ್ಣ ಮುಂದೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಈಗ ಅದಕ್ಕೇನೋ ಹೆಸರಿದೆ ಎಂದು ಅಪೂರ್ವ ಹೇಳುತ್ತಾಳೆ. ಆಗ ಅದಕ್ಕಿದ್ದ ಹೆಸರು ದಡ್ಡತನ, ಔಷಧಿ ಬೆತ್ತ. ಅಮ್ಮ ತೀರಿಕೊಂಡು, ತಂಗಿಯನ್ನು ನೋಡಿಕೊಳ್ಳಲು ನನ್ನನ್ನು ಶಾಲೆ ಬಿಡಿಸಿದಾಗ ಒಳಗೊಳಗೇ ಸಮಾಧಾನವಾಗಿತ್ತು.

ಇಂಥವಳು ಸೇರಿದ್ದು ಎಂಥ ಮನೆಗೆ! ನಮ್ಮವರ ತಾತ ಅರಮನೆಯಲ್ಲಿ ಪುರಾಣ ಓದುತ್ತಿದ್ದವರು. ಮನೆಯಲ್ಲಿ ಬಟ್ಟೆಯ ಬೀರುವಿಗಿಂತ ಪುಸ್ತಕದ ಬೀರುಗಳೇ ಹೆಚ್ಚು. ಹೆಣ್ಣು ನೋಡಲು ಬಂದಾಗ ನನ್ನ ಅಪ್ಪ, "ಮನೇಲೇ ಓದ್ಕೊಂಡಿದಾಳೆ" ಎಂದುಬಿಟ್ಟಿದ್ದರು. ಅತ್ತೆಗೆ ಕಣ್ಣು ಮಂಜಾಗಿತ್ತು, ಮಧ್ಯಾಹ್ನ ಊಟವಾದ ಮೇಲೆ ಸೊಸೆ ಕೂತು ರಾಮಾಯಣ ಓದಬೇಕು. ನಮ್ಮವರಿಗೆ, ಲಕ್ಷ್ಮೀನರಸಿಂಹಯ್ಯನವರಿಗೆ, ಮದುವೆಯಾದ ವಾರದಲ್ಲೇ ವಿಷಯ ಗೊತ್ತಾಯಿತು. ಕೂಗಾಡಲಿಲ್ಲ. ಬೆಳಗ್ಗೆ ನಾನು ಬಾಗಿಲಿಗೆ ರಂಗೋಲಿ ಹಾಕುವಾಗ ಪಕ್ಕದಲ್ಲಿ ಕೂತು, ಹಲ್ಲುಜ್ಜುವ ನೆಪದಲ್ಲಿ, ಅಂದಿನ ಭಾಗವನ್ನು ಮೆಲ್ಲಗೆ ಓದುತ್ತಿದ್ದರು. ಮಧ್ಯಾಹ್ನ ನಾನು ಪುಸ್ತಕ ಬಿಡಿಸಿಕೊಂಡು ಅತ್ತೆಗೆ ಅದನ್ನೇ ಒಪ್ಪಿಸುತ್ತಿದ್ದೆ. ನನ್ನ ಸೊಸೆ ಓದಿದ ಹಾಗೆ ಯಾರೂ ಓದಲ್ಲ ಎಂದು ನೆಂಟರಿಷ್ಟರಿಗೆಲ್ಲ ಹೇಳುತ್ತಲೇ ಅವರು ಕಣ್ಣು ಮುಚ್ಚಿದರು. ನಮ್ಮವರು ಆ ಗುಟ್ಟನ್ನು ತಮ್ಮ ಜೊತೆಗೇ ತೆಗೆದುಕೊಂಡು ಹೋದರು. ಅವರ ಮೇಲೆ ನನಗೆ ಬೇರೆ ಏನೇನೋ ಸಿಟ್ಟಿತ್ತು, ಈ ಒಂದು ವಿಷಯಕ್ಕೆ ಎಲ್ಲವನ್ನೂ ಮನ್ನಿಸಿದ್ದೇನೆ.

ತವರಿನವರನ್ನು ಬಿಟ್ಟರೆ ಇನ್ನು ಗೊತ್ತಿದ್ದವನು ಒಬ್ಬನೇ, ನನ್ನ ಮಗ ಅಭಿನವ.

ಅವನು ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಡೈರಿ ತಂದು ಸಹಿ ಕೇಳಿದ. ಸಹಿಯೊಂದನ್ನು ರಂಗೋಲಿಯ ಹಾಗೆ ಗೆರೆ ನೋಡಿ ಕಲಿತಿದ್ದೆ, ಓದುವುದು ಹೇಗೆ? ನಾನು ಡೈರಿಯನ್ನೇ ನೋಡುತ್ತಾ ಕೂತೆ. ನನ್ನ ಮುಖ ನೋಡಿದ, ಡೈರಿ ನೋಡಿದ, ಆಮೇಲೆ ತಾನೇ ಓದಿದ. "ಅಮ್ಮ, ನಾನು ಕ್ಲಾಸಲ್ಲಿ ಪಾಠ ಕೇಳಲ್ವಂತೆ, ಬರೀ ಚಿತ್ರ ಬರೀತೀನಂತೆ, ಮಿಸ್ ಬರ್ದಿದಾರೆ." ಬೇರೆ ಮಗುವಾಗಿದ್ದರೆ, ನಿಮ್ಮ ಮಗ ತುಂಬಾ ಜಾಣ ಅಂತ ಬರ್ದಿದಾರೆ ಎಂದು ಹೇಳಿ ಸಹಿ ಹಾಕಿಸಿಕೊಂಡು ಹೋಗುತ್ತಿತ್ತು. ಇವನು ತನ್ನ ಮೇಲಿನ ದೂರನ್ನೇ ಒಂದಕ್ಷರ ಬಿಡದೆ ಓದಿದ. ಅವತ್ತು ನಾನು ಅವನ ಕೈ ಹಿಡಿದು, "ಯಾರಿಗೂ ಹೇಳ್ಬೇಡ ಕಣೋ" ಎಂದೆ. ಅವನು ನನ್ನ ತಲೆ ಮುಟ್ಟಿ ಆಣೆ ಮಾಡಿದ.

ಅವತ್ತಿನಿಂದ ಅವನೇ ನನ್ನ ಕಣ್ಣು. ಅವರಪ್ಪನ ಮಾತ್ರೆ ಡಬ್ಬಿಗಳ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಅರ್ಧಚಂದ್ರ ಬರೆದಿಟ್ಟ. ನನಗೆ ಮೊಬೈಲು ಬಂದಾಗ ಹೆಸರುಗಳ ಜಾಗಕ್ಕೆ ಚಿತ್ರ ಹಾಕಿಕೊಟ್ಟ. ನನ್ನ ತಂಗಿಗೆ ಗಿಳಿ, ಯಾಕೆಂದರೆ ಬಾಯಿ ಮುಚ್ಚುವವಳಲ್ಲ. ಗ್ಯಾಸಿನವನಿಗೆ ಉರಿ. ಭಜನಾ ಮಂಡಳಿಯ ಕನಕವಲ್ಲಿಯವರಿಗೆ ಹಾರ್ಮೋನಿಯಂ. ನಗುತ್ತಾ ಕಲಿತೆ. ಅವನು ಇಂಜಿನಿಯರಿಂಗ್ ಓದಿದ್ದು ಅವರಪ್ಪನ ಒತ್ತಾಯಕ್ಕೆ, ಅದರಲ್ಲೂ ಪರೀಕ್ಷೆಗಳನ್ನು ಮತ್ತೆ ಮತ್ತೆ ಕಟ್ಟಿದ. ಮುಗಿಸಿದ ಮೇಲೆ ಮದುವೆ ಕಾರ್ಡ್ ಮಾಡುವ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಗಣಪತಿ, ಬಾಳೆಕಂಬ ಜೋಡಿಸುತ್ತಿದ್ದ. ಅಪ್ಪ ತಲೆ ಚಚ್ಚಿಕೊಂಡರು. ಆಮೇಲೆ ನಂಜನಗೂಡು ರಸ್ತೆಯಲ್ಲಿ, ಕಡಕೊಳಕ್ಕೆ ಸ್ವಲ್ಪ ಮುಂಚೆ, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊಬೈಲಿನಲ್ಲಿ ಯಾವ ಗುಂಡಿ ಎಲ್ಲಿರಬೇಕು, ಯಾವ ಬಣ್ಣದಲ್ಲಿರಬೇಕು, ಒತ್ತಿದರೆ ಮುಂದೆ ಏನು ಕಾಣಬೇಕು ಎಂದು ಬರೆದುಕೊಡುವುದು ಅವನ ಕೆಲಸ. ಅದಕ್ಕೆ ಡಿಸೈನರ್ ಎನ್ನುತ್ತಾರೆ. ಅಕ್ಷರ ಬಾರದವರೂ ತಾವೇ ಪಿಂಚಣಿ, ಕರೆಂಟು ಬಿಲ್ಲು, ಆಸ್ಪತ್ರೆಯ ಚೀಟಿ ನೋಡಿಕೊಳ್ಳುವಂಥ ಆಪ್ ಅವನ ಕೈಯಿಂದ ಬಂತು. ಅದಕ್ಕೆ ಹೆಸರೂ ಬಂತು, ಅವನು ಅಲ್ಲಿ ಎಲ್ಲ ಡಿಸೈನರುಗಳ ಮೇಲಿನವನಾದ.

ಬೆಂಗಳೂರಿನಿಂದ ಎಷ್ಟೋ ಸಲ ಕರೆ ಬಂತು, ಹೋಗಲಿಲ್ಲ. "ಅಮ್ಮನ್ನ ಬಿಟ್ಟು ಹೋಗಲ್ಲ" ಎಂದ. ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಭಾನುವಾರ ತಿಂಡಿಯಾದ ಮೇಲೆ ನನ್ನ ಪಕ್ಕ ಕೂತು ಫೋನು ಕೈಗೆ ಕೊಡುತ್ತಿದ್ದ. "ಅಮ್ಮ, ಇಲ್ಲಿ ಏನು ಒತ್ತುತೀಯ ನೋಡೋಣ. ಯಾಕೆ ಅದನ್ನೇ ಒತ್ತಿದೆ? ಭಯ ಆಯ್ತಾ? ಯಾತಕ್ಕೆ ಭಯ ಆಯ್ತು?" ಅಂತ ಕೇಳುತ್ತಿದ್ದ. ಬೆಳೆದ ಗಂಡುಮಕ್ಕಳು ತಾಯಿಯ ಜೊತೆ ನಾಲ್ಕು ಮಾತಾಡುವುದೇ ಕಷ್ಟ, ಇವನು ನನ್ನ ಭಯ ಕೇಳುತ್ತಾನಲ್ಲ ಎಂದು ಹೃದಯ ಬಿಚ್ಚಿ ಹೇಳಿದೆ. ಗಂಡನಿಗೂ ಹೇಳದ್ದನ್ನೆಲ್ಲ ಹೇಳಿದೆ.

ಭಜನಾ ಮಂಡಳಿಯ ವಿಷಯವನ್ನೂ ಹೇಳಿದ್ದೆ. ಶುಕ್ರವಾರ ಸಂಜೆ ಕನಕವಲ್ಲಿಯವರ ಮನೆಯಲ್ಲಿ ಸೇರುತ್ತೇವೆ. ಅವರು ಹೈಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು, ಉಚ್ಚಾರದಲ್ಲಿ ಸ್ವಲ್ಪ ಎಡವಿದರೂ ಬಿಡುವವರಲ್ಲ. ನಾನು ಎಡವುವುದಿಲ್ಲ. ಕಿವಿಯಲ್ಲಿ ಬಿದ್ದದ್ದು ನನಗೆ ಮರೆಯುವುದಿಲ್ಲ. ಆದರೂ ಎಲ್ಲರ ಹಾಗೆ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದೆ, ಪಕ್ಕದವರು ಹಾಳೆ ತಿರುಗಿಸಿದರೆ ನಾನೂ ತಿರುಗಿಸುತ್ತಿದ್ದೆ. ಇದನ್ನು ಹೇಳಿದಾಗ ಅಭಿನವ ಬಹಳ ಹೊತ್ತು ನಕ್ಕ. ನಾನೂ ನಕ್ಕೆ. ನಮ್ಮಿಬ್ಬರ ನಗು ಎಂದುಕೊಂಡಿದ್ದೆ.

ಕಳೆದ ದಸರಾದಲ್ಲಿ ಆಫೀಸಿನ ಆಯುಧಪೂಜೆಗೆ ಮನೆಯವರನ್ನೂ ಕರೆತನ್ನಿ ಎಂದು ಕಂಪನಿಯವರು ಹೇಳಿದ್ದರು. ಅಭಿನವ ಪೂಜೆಯ ಏರ್ಪಾಡು ನೋಡಲು ಬೆಳಗ್ಗೆಯೇ ಹೋಗಿ ನನಗೆ ಕಾರು ಕಳಿಸಿದ. ನಾನು ಕನಕವಲ್ಲಿಯವರನ್ನೂ ಹೊರಡಿಸಿದೆ. ಇದು ಜಂಬಕ್ಕೆ ಮಾಡಿದ್ದು, ಸುಳ್ಳೇಕೆ ಹೇಳಲಿ. ಅವರ ಮನೆಯ ಮಕ್ಕಳ ದೊಡ್ಡಸ್ತಿಕೆಯನ್ನು ಎಷ್ಟೋ ಶುಕ್ರವಾರ ಕೇಳಿದ್ದೆ, ನನ್ನ ಮಗನದ್ದನ್ನೂ ಒಂದು ದಿನ ಅವರು ನೋಡಲಿ ಎಂದು.

ಆಫೀಸು ಚೆನ್ನಾಗಿತ್ತು. ಪ್ರತಿ ಕಂಪ್ಯೂಟರಿಗೂ ಕುಂಕುಮ, ಒಂದೊಂದು ಚೆಂಡುಹೂವು. ಬಾಗಿಲಲ್ಲಿ ಒಡೆಯಲು ಬೂದುಗುಂಬಳ ಕಾಯುತ್ತಿತ್ತು. ನನ್ನ ಜೊತೆ ಕನಕವಲ್ಲಿಯವರನ್ನು ನೋಡಿದ ಅಭಿನವನ ಮುಖ ಯಾಕೋ ಸಣ್ಣದಾಯಿತು. "ಇವ್ರೂ ಬಂದ್ರಾ? ಸರಿ, ಇಲ್ಲೇ ಕೂತಿರಿ, ಒಳಗೆಲ್ಲ ಗಲೀಜಾಗಿದೆ" ಎಂದು ಹೇಳಿ ಪುರೋಹಿತರನ್ನು ಕರೆತರಲು ಓಡಿದ. ಪೂಜೆಯ ಗಡಿಬಿಡಿ ಎಂದುಕೊಂಡೆ. ಕೂತಲ್ಲೇ ಕೂರುವ ಜಾಯಮಾನ ನನ್ನದಲ್ಲ. ಒಂದು ಗಾಜಿನ ಕೋಣೆಯ ಬಾಗಿಲು ತೆರೆದಿತ್ತು, ಇಣುಕಿದೆ. ಗೋಡೆಯ ತುಂಬ ಬಣ್ಣಬಣ್ಣದ ಕಾಗದಗಳು. ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ನಾನು.

ಫೋಟೋ ಅಲ್ಲ, ಚಿತ್ರ. ಅಭಿನವನ ಕೈ ನನಗೆ ಗೊತ್ತಾಗುವುದಿಲ್ಲವೇ? ಎರಡೂ ಕಡೆಯ ಮೂಗುಬಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಚಿಕ್ಕವಳಿದ್ದಾಗ ಬಿದ್ದು ಎಡ ಹುಬ್ಬಿನಲ್ಲಾದ ಗಾಯದ ಗುರುತು, ಒಂದನ್ನೂ ಬಿಟ್ಟಿರಲಿಲ್ಲ. ಕೈಯಲ್ಲಿ ಫೋನು ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೇನೆ. ಚಿತ್ರದ ಸುತ್ತ ಸಣ್ಣ ದೊಡ್ಡ ಅಕ್ಷರಗಳು. ಇಂಗ್ಲಿಷೋ ಕನ್ನಡವೋ, ನನಗೆ ಎರಡೂ ಒಂದೇ. ನನ್ನ ಮಗ ತನ್ನ ತಾಯಿಯನ್ನು ಬರೆದು ಆಫೀಸಿನ ಗೋಡೆಗೆ ಹಾಕಿಕೊಂಡಿದ್ದಾನೆ, ನನ್ನ ಗುಣಗಾನ ಬರೆದಿದ್ದಾನೆ ಎಂದು ಉಬ್ಬಿಹೋದೆ. ನಾನೇ ಹೋಗಿ ಕನಕವಲ್ಲಿಯವರ ಕೈ ಹಿಡಿದು ಎಳೆದುಕೊಂಡು ಬಂದೆ.

"ನೋಡ್ರೀ, ನೋಡ್ರೀ ಇಲ್ಲಿ. ನನ್ನ ಮಗ ಹೇಗೆ ಬರ್ದಿದಾನೆ!"

ಅವರು ಕನ್ನಡಕ ಹಾಕಿಕೊಂಡು ಮೊದಲು ಚಿತ್ರ ನೋಡಿ ನಕ್ಕರು. ಆಮೇಲೆ ಓದತೊಡಗಿದರು. ಓದುತ್ತಾ ಓದುತ್ತಾ ನಗು ನಿಂತಿತು. ನನ್ನ ಕಡೆ ತಿರುಗದೆ, "ಚೆನ್ನಾಗಿದೆ ಕಣ್ರೀ, ಬನ್ನಿ, ಮಂಗಳಾರತಿ ಆಗತ್ತೆ" ಎಂದರು. ಎಲ್ಲದಕ್ಕೂ ಒಂದು ತಪ್ಪು ಹುಡುಕುವ ಆ ಹೆಂಗಸು ಏನೂ ಹೇಳದೆ ಹೊರಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಅಷ್ಟರಲ್ಲಿ ಒಂದು ಹುಡುಗಿ ಬಂದಳು. ಹೆಸರು ಲಾಸ್ಯ, ಅಭಿನವನ ಕೈಕೆಳಗೆ ಕೆಲಸ ಮಾಡುವವಳು. ನನ್ನನ್ನು ನೋಡಿದಳು, ಗೋಡೆ ನೋಡಿದಳು, ಎರಡೂ ಕೈ ಜೋಡಿಸಿಕೊಂಡು ಹಿಗ್ಗಿದಳು.

"ಆಂಟಿ, ನೀವು ಅಭಿನವ್ ಸರ್ ಅಮ್ಮ ಅಲ್ವಾ? ಓದಿ ಹೇಳ್ಲಾ ನಿಮ್ಗೆ?"

ಆ ಮಗುವಿನ ದನಿಯಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಅದಕ್ಕೇ ನಾನು ಹಿಡಿದಿದ್ದ ಕನಕವಲ್ಲಿಯವರ ಕೈ ಬಿಟ್ಟೆ. ಗುರುತಿಲ್ಲದ ಹುಡುಗಿ, ಮೊದಲ ಸಲ ನೋಡುತ್ತಿದ್ದಾಳೆ, ಓದಿ ಹೇಳಲಾ ಎನ್ನುತ್ತಾಳೆ. ನನಗೆ ಬರುವುದಿಲ್ಲ ಎಂದು ಇವಳಿಗೆ ಹೇಳಿದವರು ಯಾರು?

"ಬೇಡ ಬಿಡಮ್ಮ" ಎಂದರು ಕನಕವಲ್ಲಿ.

"ಓದಮ್ಮ" ಎಂದೆ ನಾನು.

"ಇಲ್ಲಿ ಮೇಲೆ ದೊಡ್ಡಕ್ಷರದಲ್ಲಿ ಇರೋದು ಚಿತ್ರದಲ್ಲಿರೋರದೇ ಮಾತು ಆಂಟಿ. ಹೀಗೆ ಒಬ್ಬರ ಚಿತ್ರ ಮಾಡಿದಾಗ ಅವರ ಒಂದು ಮಾತು ಹಾಕ್ತೀವಿ. ಅದನ್ನ ಓದಿದ ತಕ್ಷಣ ಮನುಷ್ಯರು ಎಂಥವರು ಅಂತ ಗೊತ್ತಾಗ್ಬೇಕು."

"ಯಾವ ಮಾತು?"

"ಯಾರಿಗೂ ಹೇಳ್ಬೇಡ ಕಣೋ."

ಅವಳು ಮುಂದೆ ಓದುತ್ತಾ ಹೋದಳು. ಹೆಸರು ಮಾದೇವಮ್ಮ. ಊರು ಮೈಸೂರು. ಓದಲು ಬರುವುದಿಲ್ಲ, ಬರುವುದಿಲ್ಲವೆಂದು ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತಾರೆ. ಭಜನೆಗೆ ಪುಸ್ತಕ ಹಿಡಿದುಕೊಂಡೇ ಹೋಗುತ್ತಾರೆ, ಪಕ್ಕದವರನ್ನು ನೋಡಿ ಹಾಳೆ ತಿರುಗಿಸುತ್ತಾರೆ. ಫೋನು ಏನಾದರೂ ಕೇಳಿದರೆ ಭಯಕ್ಕೆ ಹೌದು ಎಂದೇ ಒತ್ತುತ್ತಾರೆ. ಗಂಡ ಹೋದ ಮೇಲೆ ಮಗನನ್ನು ಬಿಟ್ಟು ಬೇರೆ ಯಾರನ್ನೂ ನಂಬುವುದಿಲ್ಲ.

ನಾನು ಕನಕವಲ್ಲಿಯವರ ಮುಖ ನೋಡಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ಲಾಸ್ಯಳಿಗೆ ಏನೋ ತಪ್ಪಾಯಿತೆಂದು ಆಗಷ್ಟೇ ಅನ್ನಿಸಿರಬೇಕು, ಗೋಡೆಯಿಂದ ಹಿಂದೆ ಸರಿದಳು. ಅಷ್ಟು ಹೊತ್ತಿಗೆ ಕಂಪನಿಯ ಯಜಮಾನರು ಶಿವಪ್ರಕಾಶ್ ಬಂದರು. ಒಳ್ಳೆಯ ಮನುಷ್ಯ, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ವಿನಯ. ಬಂದವರೇ ಬಗ್ಗಿ ನನ್ನ ಕಾಲು ಮುಟ್ಟಿದರು.

"ಅಮ್ಮಾವ್ರೇ, ನೀವಿಲ್ದೇ ಇದ್ದಿದ್ರೆ ಈ ಕಂಪನಿನೇ ಇಲ್ಲ. ಇಂಟರ್‌ವ್ಯೂಲಿ ನಿಮ್ಮ ಮಗ ನಿಮ್ಮ ಕಥೆ ಹೇಳ್ದಾಗ ನಾನು ಅತ್ತೇಬುಟ್ಟೆ. ಬೇರೆ ಏನೂ ಕೇಳ್ಲಿಲ್ಲ, ಅವತ್ತೇ ಕೆಲಸ ಕೊಟ್ಟೆ. ಮಾದೇವಮ್ಮ ಅನ್ನೋದು ನಮ್ಮಜ್ಜಿ ಹೆಸ್ರು, ನಾನೇ ಇಟ್ಟಿದ್ದು."

ಸುತ್ತ ನಿಂತ ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಅವರೆಲ್ಲರಿಗೂ ನನ್ನ ಮೇಲೆ ಪ್ರೀತಿಯಿತ್ತು, ಅದು ಕಾಣುತ್ತಿತ್ತು. ನನಗೆ ಮಾತ್ರ ತುಂಬಿದ ಸಭೆಯಲ್ಲಿ ಸೀರೆ ಜಾರಿದಂತಾಗಿತ್ತು. ಬಾಗಿಲ ಬಳಿ ಅಭಿನವ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದ. ಅವನು ಚಪ್ಪಾಳೆ ತಟ್ಟಲಿಲ್ಲ, ಒಳಗೂ ಬರಲಿಲ್ಲ.

ಮನೆಗೆ ಬಂದ ಮೇಲೆ ಅವನೇ ಮಾತು ತೆಗೆದ.

"ನೀನು ಬರ್ತೀಯ ಅಂತ ಬೆಳಗ್ಗೆನೇ ತೆಗೆಸ್ಬೇಕು ಅಂತಿದ್ದೆ ಅಮ್ಮ. ಪೂಜೆ ಗಲಾಟೆಲಿ ಮರೆತ್ಹೋಯ್ತು."

ಕೇಳಿದಿರಾ? ಹಾಕಿದ್ದಕ್ಕಲ್ಲ ಅವನಿಗೆ ಬೇಸರ, ತೆಗೆಯಲು ಮರೆತದ್ದಕ್ಕೆ.

"ಎಷ್ಟು ವರ್ಷದಿಂದ ಇದೆ ಅದು ಅಲ್ಲಿ?"

"ಅದು ನೀನಲ್ಲಮ್ಮ. ನಮ್ಮ ಕೆಲಸದಲ್ಲಿ ಅದಕ್ಕೆ ಪರ್ಸೋನಾ ಅಂತಾರೆ. ಯಾರಿಗೋಸ್ಕರ ಮಾಡ್ತಿದೀವಿ ಅಂತ ಎಲ್ರ ಕಣ್ಣಿಗೆ ಕಟ್ಟೋ ಹಾಗೆ ಒಬ್ಬರನ್ನ ಕಲ್ಪಿಸ್ಕೋಬೇಕು."

"ಕಲ್ಪಿಸ್ಕೋಬೇಕು ತಾನೇ? ನೀನು ಎಲ್ಲಿ ಕಲ್ಪಿಸ್ಕೊಂಡೆ?"

"ಹೆಸರು ಬದಲಾಯಿಸಿದೀನಲ್ಲಮ್ಮ."

"ಹುಬ್ಬಿನ ಗಾಯ ಬದಲಾಯಿಸಿದ್ಯಾ? ನನ್ನ ಮಾತು ಬದಲಾಯಿಸಿದ್ಯಾ?"

ಅವನಿಗೂ ರೇಗಿತು. "ನಿನ್ನ ಥರ ಎಷ್ಟು ಸಾವಿರ ಜನ ಇದಾರೆ ಗೊತ್ತಾ? ಇವತ್ತು ಅವ್ರೆಲ್ಲ ಯಾರ ಮುಂದೆನೂ ಕೈ ಚಾಚದೆ ಪಿಂಚಣಿ ನೋಡ್ಕೋತಾರೆ. ನಿನ್ನಿಂದಾನೇ ಆಗಿದ್ದು ಅದು. ಅದ್ರಲ್ಲಿ ನಾಚಿಕೆ ಪಡೋದೇನಿದೆ?"

"ಉಪಕಾರ ಮಾಡೋ, ಬೇಡ ಅಂದೋರು ಯಾರು? ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು. ಅಂತಿದ್ದೆ."

ನಾನು ಒಳಗೆ ಹೋಗಿ ಅಳುತ್ತಾ ಮಲಗಿದೆ. ನಾಚಿಕೆಯಿಂದ ಅತ್ತದ್ದಲ್ಲ. ಇವನು ಕೆಲಸಕ್ಕೆ ಸೇರಿದಾಗ ಅವರಪ್ಪ ಇನ್ನೂ ಇದ್ದರು. ಸಿಹಿ ತಂದು ನನ್ನ ಬಾಯಿಗಿಟ್ಟು, ನಿನ್ನ ಆಶೀರ್ವಾದ ಅಮ್ಮ ಎಂದಿದ್ದ. ಆ ಸಿಹಿ ನನ್ನನ್ನೇ ಮಾರಿ ತಂದದ್ದು ಎಂದು ನನಗೆ ತಿಳಿದಿರಲಿಲ್ಲ. ಅದಕ್ಕಿಂತ ಹೆಚ್ಚು ಸುಟ್ಟದ್ದು ಭಾನುವಾರಗಳು. ಯಾವ ಭಾನುವಾರ ಅವನು ನನಗಾಗಿ ಕೂತಿದ್ದ, ಯಾವ ಭಾನುವಾರ ಆಫೀಸಿಗಾಗಿ ಕೂತಿದ್ದ? ನಾನು ಹೇಳಿದ್ದಕ್ಕೆ ಅವನ ಕಣ್ಣು ತುಂಬಿದ್ದು ಮಗನಾಗಿಯೋ, ಕೆಲಸಕ್ಕೆ ಒಳ್ಳೆಯ ಮಾತು ಸಿಕ್ಕಿತೆಂದೋ? ಬೆಂಗಳೂರಿಗೆ ಹೋಗದೆ ನನ್ನ ಜೊತೆ ಉಳಿದ ಎಂದು ಊರೆಲ್ಲ ಹೊಗಳಿತು. ಬೆಂಗಳೂರಿನಲ್ಲಿ ನಾನು ಸಿಗುತ್ತಿರಲಿಲ್ಲವಲ್ಲ!

ಮರುದಿನ ಅವನು ಚಿತ್ರವನ್ನು ಕೀಳಿಸಿ ಖಾಲಿ ಗೋಡೆಯ ಫೋಟೋ ತಂದು ತೋರಿಸಿದ. ನೋಡಿ ಫೋನು ವಾಪಸು ಕೊಟ್ಟೆ. ಗೋಡೆಯಿಂದ ಕಿತ್ತರೆ ಅಷ್ಟು ಜನರ ತಲೆಯಿಂದ ಕಿತ್ತ ಹಾಗಾಗುತ್ತದೆಯೇ?

ಕನಕವಲ್ಲಿಯವರು ಯಾರ ಬಳಿಯೂ ಆಡಿಕೊಳ್ಳಲಿಲ್ಲ, ಆ ಮಾತು ನಿಜ. ಅವರು ಮಾಡಿದ್ದು ಅದಕ್ಕಿಂತ ಕಷ್ಟದ್ದು, ಅವರು ನನಗೆ ಸಹಾಯ ಮಾಡಿದರು. ಮುಂದಿನ ಶುಕ್ರವಾರ ನಡುನಡುವೆ ದನಿ ಎತ್ತರಿಸಿ, "ಈಗ ಹಾಳೆ ತಿರುಗಿಸೋಣ" ಎಂದರು. ಹಿಂದೆಂದೂ ಹಾಗೆ ಹೇಳಿದವರಲ್ಲ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಹೆಂಗಸರಿಗೆ ಅಷ್ಟು ಸಾಕು. ಅದರ ಮುಂದಿನ ವಾರ ಎಲ್ಲರೂ ನನ್ನ ಜೊತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು, ಓದು ಬಾರದವಳಿಗೆ ಕಿವಿಯೂ ಕೇಳಿಸುವುದಿಲ್ಲ ಎನ್ನುವ ಹಾಗೆ. ನಾನು ಮಂಡಳಿಗೆ ಹೋಗುವುದನ್ನು ಬಿಟ್ಟೆ.

ಮನೆಯಲ್ಲಿ ಅಡುಗೆ ಮಾಡುತ್ತೇನೆ, ಬಡಿಸುತ್ತೇನೆ, ಅವನು ಊಟ ಮಾಡುತ್ತಾನೆ. ಭಾನುವಾರ ತಿಂಡಿಯಾದ ಮೇಲೆ ನಾನು ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿಬಿಡುತ್ತೇನೆ. ಎರಡು ಮೂರು ಸಲ ಬಾಗಿಲವರೆಗೆ ಬಂದು ನಿಂತ. ನಾನು ಮಾತು ಬಿಟ್ಟಿಲ್ಲ, ಆಡುವ ಮಾತನ್ನೆಲ್ಲ ಅಳೆದು ಆಡುತ್ತೇನೆ. ನನ್ನ ಮಗನ ಮುಂದೆ ನಾನು ಜೋಪಾನವಾಗಿ ಮಾತಾಡಬೇಕು, ನೋಡಿ, ಎಂಥ ಕಾಲ ಬಂತು.

ಮೊನ್ನೆ ಶನಿವಾರ ಪೋಸ್ಟ್‌ಮನ್ ಲಿಂಗರಾಜು ಬಂದ. ನಮ್ಮವರ ಪಿಂಚಣಿಯ ಕಚೇರಿಯಿಂದ ರಿಜಿಸ್ಟರ್ ಕಾಗದ. ಸಹಿ ಹಾಕಿ ತೆಗೆದುಕೊಂಡೆ. ಸದ್ದು ಕೇಳಿ ಅಭಿನವ ಒಳಗಿನಿಂದ ಬಂದು ಎಂದಿನ ಹಾಗೆ ಕೈ ಚಾಚಿದ.

"ಕೊಡಮ್ಮ, ನೋಡ್ತೀನಿ."

ಎದುರುಮನೆಯವರು ಬಾಗಿಲು ತೊಳೆಯುತ್ತಿದ್ದರು. ಮೂಲೆಮನೆಯ ಗೇಟಿನ ಹತ್ತಿರ ತರಕಾರಿ ಗಾಡಿ, ಸುತ್ತ ನಾಲ್ಕೈದು ಹೆಂಗಸರು. ಹುಟ್ಟಿದಂದಿನಿಂದ ಬೀದಿಯಲ್ಲಿ ನಾನು ಆ ಮಾತು ಆಡಿದವಳಲ್ಲ. ಆದರೂ ಕಾಗದವನ್ನು ಲಿಂಗರಾಜುವಿನ ಕೈಗೇ ಕೊಟ್ಟೆ.

"ಲಿಂಗರಾಜು, ಇದನ್ನ ಒಡೆದು ಓದಪ್ಪ. ನಂಗೆ ಓದಕ್ಕೆ ಬರಲ್ಲ."

ಬಾಗಿಲು ತೊಳೆಯುತ್ತಿದ್ದವರ ಕೈ ನಿಂತಿತು. ಲಿಂಗರಾಜು ನನ್ನನ್ನೂ ನನ್ನ ಹಿಂದೆ ನಿಂತವನನ್ನೂ ನೋಡಿದ.

"ಇದೇನಮ್ಮಾವ್ರೇ, ಅಭಿನವಪ್ಪೋರು ಇಲ್ಲೇ ಅವ್ರಲ್ಲ. ಅವ್ರೇ ಓದ್ತಾರೆ ಬುಡಿ."

"ಅವ್ನು ಬೇಡ. ನೀನು ಓದು."

ಲಿಂಗರಾಜು ಲಕೋಟೆ ಒಡೆದು, ಯಾರಿಗೂ ಕೇಳಿಸಬಾರದೆಂದು, ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟುತ್ತಾ ಓದತೊಡಗಿದ. ಅಭಿನವ ಚಾಚಿದ ಕೈಯನ್ನು ಇನ್ನೂ ಕೆಳಗಿಳಿಸಿರಲಿಲ್ಲ.

"ಜೋರಾಗೇ ಓದಪ್ಪ, ಪರವಾಗಿಲ್ಲ" ಎಂದೆ.